ಅಟ್ಟದ ಮೇಲಿನ ಕತ್ತಿಗಳ ಬಗ್ಗೆ ಎರಡು ಮಾತು



ಗೊಬ್ಬರದ ಬೆಲೆ, ಅಡಿಕೆ ಧಾರಣೆ, ಕೊಳವೆಬಾವಿಯ ಆಳ ಈ ಮೂರನ್ನು ಬಿಟ್ಟು ಬೇರೇನಾದರೂ ಈ ಪುಟದಲ್ಲಿ ಬರೆದರೆ, ಕಾರ್ಯದರ್ಶಿಗೆ ಮಾಡಲು ಬೇರೆ ಕೆಲಸವಿಲ್ಲ ಎನ್ನುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಅವರು ಅನ್ನಲಿ. ಈ ಸಲ ನಾನು ಕತ್ತಿ, ಮಚ್ಚು, ಚಾಕು, ಅಡಕತ್ತರಿಗಳ ವಿಷಯ ಬರೆಯುತ್ತಿದ್ದೇನೆ. ಓದಿದ ಮೇಲೆ ಇದೂ ಧಾರಣೆಯ ವಿಷಯವೇ ಎಂದು ತಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ, ಹೊಸಕೋಟೆ ಸೀಮೆಯಲ್ಲಿ ಹಳೆಯ ಮನೆಗಳು ಒಂದೊಂದಾಗಿ ನೆಲಸಮವಾಗುತ್ತಿವೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದಂದಿನಿಂದ ಇದರ ವೇಗ ಇನ್ನೂ ಹೆಚ್ಚಾಗಿದೆ. ಭೂಮಿಗೆ ಪರಿಹಾರ ಬಂದವರು ತಾರಸಿ ಮನೆ ಕಟ್ಟುತ್ತಾರೆ, ತಪ್ಪಲ್ಲ. ಆದರೆ ತೊಟ್ಟಿ ಮನೆ ಕೆಡವುವ ದಿನ ಅಟ್ಟದ ಮೇಲಿಂದ ಇಳಿಯುವ ಸಾಮಾನಿಗೆ ಗಿರಾಕಿಗಳು ಎರಡು ಬಗೆ. ಒಬ್ಬ ತಕ್ಕಡಿ ಹಿಡಿದು ಬರುತ್ತಾನೆ; ಕಬ್ಬಿಣ ಕಬ್ಬಿಣದ ಭಾವ, ಹಿತ್ತಾಳೆ ಹಿತ್ತಾಳೆಯ ಭಾವ. ಇನ್ನೊಬ್ಬ ಕಾರಿನಲ್ಲಿ ಬರುತ್ತಾನೆ. ಅವನ ಹತ್ತಿರ ತಕ್ಕಡಿ ಇರುವುದಿಲ್ಲ. ಕಾಫಿ ಕುಡಿದು, ಮಕ್ಕಳ ಓದು ವಿಚಾರಿಸಿ, ಹೊರಡುವಾಗ ಬಾಗಿಲ ಹತ್ತಿರ ನಿಂತು ‘ಹಳೇ ಅಡಕತ್ತರಿ ಏನಾದರೂ ಇದೆಯಾ ಯಜಮಾನರೇ’ ಎಂದು ಕೇಳುತ್ತಾನೆ. ಇವನು ತೂಕ ಮಾಡದೆ ಹಣ ಕೊಡುವುದರಿಂದ ಇವನೇ ಧಾರಾಳಿ ಎಂದು ನಮ್ಮವರು ತಿಳಿಯುತ್ತಾರೆ. ನನಗೆ ತಕ್ಕಡಿಯವನ ಮೇಲೆ ಸಿಟ್ಟಿಲ್ಲ, ಅವನಿಗೆ ಗೊತ್ತಿರುವುದು ತೂಕ ಮಾತ್ರ. ಕಾರಿನವನಿಗೆ ಎಲ್ಲ ಗೊತ್ತಿದೆ. ಗೊತ್ತಿಲ್ಲದಿರುವುದು ನಮಗೆ.

ಇದನ್ನು ಹೇಳಲು ದೂರದ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ. ಹೊಸಕೋಟೆ ಕಡೆಯ ಸದಸ್ಯರೊಬ್ಬರ ಮಗ ಅಮೇರಿಕದಲ್ಲಿದ್ದಾನೆ. ಹೋದ ಬಾರಿ ರಜಕ್ಕೆ ಬಂದಾಗ ತಂದೆಗೆಂದು ಒಂದು ಮಡಿಸುವ ಚಾಕು ತಂದಿದ್ದ. (ಪೆಟ್ಟಿಗೆಯೊಳಗೆ ಹಾಕಿ ಕಳಿಸಿದ್ದರಿಂದ ಬಂತು. ಕೈಚೀಲದಲ್ಲಿಟ್ಟುಕೊಂಡು ವಿಮಾನ ಹತ್ತಲು ಬಿಡುವುದಿಲ್ಲ, ದೇವನಹಳ್ಳಿಯಲ್ಲಿ ಅಂಥವು ಎಷ್ಟು ಜಪ್ತಿಯಾಗುತ್ತವೋ ದೇವರಿಗೇ ಗೊತ್ತು.) ಕೇಸ್ ಎಂಬ ಕಂಪೆನಿಯದು, ಪೆನ್ಸಿಲ್ವೇನಿಯಾ ರಾಜ್ಯದ ಬ್ರ್ಯಾಡ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ತಯಾರಾಗುವುದು. ಅಂಗೈಯಗಲದ ಚಾಕು, ಮೂಳೆಯ ಹಿಡಿ, ಎರಡು ಅಲಗು. ನಾನು ಅದನ್ನು ತಿರುಗಿಸಿ ನೋಡುತ್ತಿದ್ದಾಗ ಆ ಹುಡುಗ ಅಲಗಿನ ಬುಡದಲ್ಲಿ ಮುದ್ರೆಯ ಕೆಳಗಿದ್ದ ಚುಕ್ಕೆಗಳನ್ನು ಎಣಿಸು ಎಂದ. ಏಳು ಚುಕ್ಕೆ ಇದ್ದವು. ‘ಹಾಗಾದರೆ ಇದು 1973ರದ್ದು’ ಎಂದ.

ಲೆಕ್ಕ ಬಹಳ ಸರಳ. 1970ರಲ್ಲಿ ಆ ಕಂಪೆನಿಯವರು ಮುದ್ರೆಯ ಕೆಳಗೆ ಹತ್ತು ಚುಕ್ಕೆ ಒತ್ತಿದರು. ಮುಂದಿನ ವರ್ಷ ಒಂಬತ್ತು, ಅದರ ಮುಂದಿನ ವರ್ಷ ಎಂಟು. ಹೀಗೆ ವರ್ಷಕ್ಕೊಂದು ಚುಕ್ಕೆ ಅಳಿಸುತ್ತಾ 1979ಕ್ಕೆ ಒಂದೇ ಉಳಿಯಿತು. 1980ರಲ್ಲಿ ಅಕ್ಷರದ ಆಕಾರ ಬದಲಿಸಿ ಮತ್ತೆ ಹತ್ತರಿಂದ ಆರಂಭಿಸಿದರು. ಅದಕ್ಕೂ ಹಿಂದಿನವುಗಳಿಗೆ ಬೇರೆ ಬೇರೆ ಮುದ್ರೆಗಳಿವೆ. 1965ರಿಂದ 1969ರವರೆಗಿನದಕ್ಕೆ ದೇಶದ ಹೆಸರು ಸೇರಿಸಿದ ಮುದ್ರೆ. ಅಲಗಿನ ಮೇಲೆ ಒಂದು ಸಂಖ್ಯೆಯೂ ಇರುತ್ತದೆ. ಅದರಿಂದ ಹಿಡಿ ಯಾವ ಸಾಮಗ್ರಿಯದು, ಅಲಗು ಎಷ್ಟು, ಮಾದರಿ ಯಾವುದು ಎಂದು ತಿಳಿಯಬಹುದು. ನಮ್ಮ ಕಾಫಿ ಬೋರ್ಡಿನ ತಳಿಗಳಿಗೆ ಸಂಖ್ಯೆ ಇದ್ದ ಹಾಗೆ ಎನ್ನಿ. ಒಬ್ಬ ರೈತನ ಜೇಬಿನಲ್ಲಿದ್ದ ಚಾಕುವಿನ ಹುಟ್ಟಿದ ವರ್ಷವನ್ನು ಐವತ್ತು ವರ್ಷಗಳ ನಂತರ ಒಬ್ಬ ಹುಡುಗ ಎಣಿಸಿ ಹೇಳಬಲ್ಲ!

ಅಲ್ಲಿ ಇಂಥ ಚಾಕುಗಳನ್ನು ಕೂಡಿಡುವವರು ರಾಜಮಹಾರಾಜರಲ್ಲ. ದನ ಸಾಕುವವರು, ಮರಗೆಲಸದವರು, ಲಾರಿ ಓಡಿಸುವವರು, ನಿವೃತ್ತ ಮೇಷ್ಟರುಗಳು. ದನಗಾಹಿಗಳಿಗೆಂದು ಮಾಡಿದ ಮೂರು ಅಲಗಿನ ಮಾದರಿ, ಬಲೆ ಒಡ್ಡಿ ಪ್ರಾಣಿ ಹಿಡಿಯುವವರಿಗೆಂದು ಮಾಡಿದ ಎರಡು ಅಲಗಿನ ಮಾದರಿ ಎಂದು ಒಂದೊಂದಕ್ಕೂ ಕಸುಬಿನ ಹೆಸರು. ಬಕ್ ಎಂಬ ಕಂಪೆನಿ 1964ರಲ್ಲಿ ಬೇಟೆಗಾರರಿಗೆಂದು ಹೊರತಂದ 110ನೇ ನಂಬರಿನ ಮಡಿಸುವ ಚಾಕು ಇಂದಿಗೂ ತಯಾರಾಗುತ್ತಿದೆ. 1972ರಲ್ಲಿ ಟೆನೆಸಿಯಲ್ಲಿ ಚಾಕು ಸಂಗ್ರಾಹಕರೇ ಸೇರಿ ರಾಷ್ಟ್ರಮಟ್ಟದ ಸಂಘ ಕಟ್ಟಿಕೊಂಡರು. ನಾವು ಹತ್ತು ಹದಿನೈದು ಊರಿನವರು ಸೇರಿ ಗೊಬ್ಬರಕ್ಕೆ ಸಂಘ ಕಟ್ಟಿದ ಹಾಗೆ ಅವರು ಚಾಕುವಿಗೆ ಸಂಘ ಕಟ್ಟಿದರು, ಅಷ್ಟೆ.

ಹಿಡಿಯ ವಿಷಯ ಕೇಳಿದರೆ ನಿಮಗೆ ನಗು ಬರಬಹುದು. ಆ ಕೇಸ್ ಚಾಕುವಿಗೆ ಹಾಕುವ ಮೂಳೆ ಬ್ರೆಜಿಲ್ ದೇಶದ ಗೂಳಿ ಜಾತಿಯ ದನಗಳ ಕಾಲುಮೂಳೆ. ಬ್ರೆಜಿಲ್ಲಿಗೆ ಆ ಡುಬ್ಬದ ದನ ಹೋದದ್ದು ನಮ್ಮ ದೇಶದಿಂದ. ಅಲ್ಲಿ ಇಂದಿಗೂ ಅದನ್ನು ನೆಲ್ಲೂರಿನ ಹೆಸರಿನಿಂದಲೇ ಕರೆಯುತ್ತಾರೆ. ಇನ್ನೂ ಬೆಲೆಬಾಳುವ ಹಿಡಿ ಎಂದರೆ ಕಡವೆಯ ಕೊಂಬಿನದು. ಅದು ಇಂಗ್ಲೆಂಡಿಗೂ ಅಮೇರಿಕಕ್ಕೂ ದಶಕಗಳ ಕಾಲ ಹೋದದ್ದು ಭಾರತದ ಕಾಡುಗಳಿಂದಲೇ. 1990ರ ದಶಕದ ಕೊನೆಗೆ ನಮ್ಮ ಸರ್ಕಾರ ರಫ್ತು ನಿಲ್ಲಿಸಿದ ಮೇಲೆ ಹಳೆಯ ಕಡವೆ ಹಿಡಿಯ ಚಾಕುಗಳಿಗೆ ಅಲ್ಲಿ ಬೆಲೆ ಏರಿತು. ನೆಲ್ಲೂರಿನ ದನ, ನಮ್ಮ ಕಾಡಿನ ಕಡವೆ, ಹೆಸರು ಮಾತ್ರ ಬ್ರ್ಯಾಡ್‌ಫರ್ಡಿನದು.

ಅಮೇರಿಕದ ಚಾಕು ನಮ್ಮ ಸೀಮೆಗೆ ಹೊಸದೂ ಅಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿಸಿದರಷ್ಟೆ. ಯುದ್ಧದ ಮಧ್ಯೆ 1943ರಲ್ಲಿ ಅದನ್ನು ಅಮೇರಿಕದ ವಾಯುಸೇನೆ ವಹಿಸಿಕೊಂಡು ತನ್ನ ವಿಮಾನಗಳ ದುರಸ್ತಿ ಡಿಪೋ ಮಾಡಿಕೊಂಡಿತು. ಸಾವಿರಾರು ಸ್ಥಳೀಯರು ಅಮೇರಿಕನ್ನರ ಕೈಕೆಳಗೆ ಕೆಲಸ ಕಲಿತರು. ಯುದ್ಧ ಮುಗಿದು ಅವರು ಹೊರಟಾಗ ಉಳಿದುಹೋದ ಸಣ್ಣಪುಟ್ಟ ಸಾಮಾನುಗಳಲ್ಲಿ ಕಬ್ಬಿಣದ ಹಿಡಿಯ ಸೈನ್ಯದ ಮಡಿಚಾಕುಗಳೂ ಇದ್ದವು. ಹೊಸಕೋಟೆ ರಸ್ತೆಯ ಎರಡು ಮನೆಗಳಲ್ಲಿ ನಾನೇ ಅಂಥವನ್ನು ನೋಡಿದ್ದೇನೆ. ಒಂದರಲ್ಲಿ ಮನೆಯಾಕೆ ಅದರಿಂದ ತೆಂಗಿನಕಾಯಿಯ ಕಣ್ಣು ತೂತು ಮಾಡುತ್ತಿದ್ದರು. ಇನ್ನು ಮಲೆನಾಡಿನ ಕಾಫಿ ತೋಟಗಳಲ್ಲಿ ದೊರೆಗಳು ಬಿಟ್ಟುಹೋದ ಷೆಫೀಲ್ಡ್ ಚಾಕುಗಳ ಕಥೆ ಬೇರೆಯೇ ಇದೆ. ನಕ್ಷತ್ರ ಮತ್ತು ಶಿಲುಬೆಯ ಗುರುತಿನ ರಾಜರ್ಸ್ ಚಾಕುವನ್ನು ನಮ್ಮ ಹಿರಿಯರು ಮದುವೆಯಲ್ಲಿ ಅಳಿಯನಿಗೆ ಉಡುಗೊರೆ ಕೊಡುತ್ತಿದ್ದುದನ್ನು ವಯಸ್ಸಾದ ಸದಸ್ಯರು ಬಲ್ಲರು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಅಮೇರಿಕದವರ ಈ ಹುಚ್ಚು ಸುಮ್ಮನೆ ಬಂದದ್ದಲ್ಲ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್ ಊರಿನಲ್ಲಿದ್ದ ಶ್ರೇಡ್ ಕಾರ್ಖಾನೆ 2004ರಲ್ಲಿ ಬಾಗಿಲು ಹಾಕಿತು. 1876ರಷ್ಟು ಹಳೆಯ ಕಮಿಲಸ್ 2007ರಲ್ಲಿ ದಿವಾಳಿಯಾಯಿತು. ಟೈಟಸ್‌ವಿಲ್‌ನ ಕ್ವೀನ್ ಕಾರ್ಖಾನೆ 2018ರಲ್ಲಿ ನಿಂತಿತು. ಅಲ್ಲಿಯವರೆಗೆ ಯಾವ ಅಂಗಡಿಯಲ್ಲಾದರೂ ಸಿಗುತ್ತಿದ್ದ ಸಾಮಾನ್ಯ ಕೆಲಸದ ಚಾಕು ಕಾರ್ಖಾನೆ ಮುಚ್ಚಿದ ಮರುದಿನದಿಂದ ಹುಡುಕುವ ವಸ್ತುವಾಯಿತು. ಅದೇ ಟೈಟಸ್‌ವಿಲ್‌ನಲ್ಲಿ 2006ರಲ್ಲಿ ಹಳೆಯ ಮಾದರಿಗಳನ್ನೇ ಮತ್ತೆ ಮಾಡುವ ಹೊಸ ಕಾರ್ಖಾನೆಯೊಂದು ಹುಟ್ಟಿತು. ಅದರ ಚಾಕುವಿಗೆ ಜನ ಸರದಿ ನಿಲ್ಲುತ್ತಾರೆ. ಹಳೆಯ ಚಾಕುಗಳನ್ನು ಯಾರೋ ಎತ್ತಿಟ್ಟು, ಮುದ್ರೆ ವರ್ಷಗಳನ್ನು ಬರೆದಿಟ್ಟಿದ್ದರಿಂದಲೇ ಹಾಗೆ ಮತ್ತೆ ಮಾಡಲು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು.

ನಮ್ಮ ಕಾರ್ಖಾನೆ ಯಾವುದು? ಊರ ಹೊರಗಿನ ಕುಲುಮೆ. ಅದು ಮುಚ್ಚಿದಾಗ ಪತ್ರಿಕೆಯಲ್ಲಿ ಸುದ್ದಿ ಬರುವುದಿಲ್ಲ. ಅಪ್ಪನಿಗೆ ವಯಸ್ಸಾಯಿತು, ಮಗ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋದ, ತಿದಿ ಹರಿದುಹೋಯಿತು, ಅಲ್ಲಿಗೆ ಮುಗಿಯಿತು. ನಮ್ಮ ಸಂಘದ ವ್ಯಾಪ್ತಿಯ ಊರುಗಳಲ್ಲಿ ಮಚ್ಚಿಗೆ ಅಚ್ಚುಕಟ್ಟಾಗಿ ಬಾಯಿ ಹಾಕಿಕೊಡುವ ಕಮ್ಮಾರರನ್ನು ಎಣಿಸಲು ಈಗ ಒಂದು ಕೈ ಬೆರಳು ಸಾಕು. ಅವರೂ ಹೆಚ್ಚಾಗಿ ಲಾರಿಯ ಸವೆದ ಸ್ಪ್ರಿಂಗ್ ಪಟ್ಟಿಯಿಂದ ಮಾಡುತ್ತಾರೆ. ಅದು ಒಳ್ಳೆಯ ಉಕ್ಕೇ, ದೂರುವಂತಿಲ್ಲ. ಆದರೆ ಇದೇ ನಾಡಿನಲ್ಲಿ ಇದ್ದಿಲ ಕುಲುಮೆಯಲ್ಲಿ ಕಬ್ಬಿಣ ಕರಗಿಸಿ, ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆಯ ಕಬ್ಬಿಣದ ಕೆಲಸ, ಮಧುಗಿರಿ ಕಡೆಯ ಉಕ್ಕಿನ ಕೆಲಸ, ವೀಣೆಯಂಥ ವಾದ್ಯಗಳಿಗೆ ಚನ್ನಪಟ್ಟಣದಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿ ಎಲ್ಲವನ್ನೂ ಬರೆದಿದ್ದಾನೆ. ಯೂರೋಪಿನವರು ವೂಟ್ಸ್ ಎಂದು ಕರೆದು ಬೆರಗಾದ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದಿತೆಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ಅಟ್ಟಗಳ ಮೇಲಿರುವ ತೀರಾ ಹಳೆಯ ಕತ್ತಿಗಳಲ್ಲಿ ಕೆಲವಾದರೂ ಆ ಕುಲುಮೆಗಳ ಮಕ್ಕಳಿರಬಹುದು. ಗುಜರಿಗೆ ಹೋದದ್ದನ್ನು ಕೇಳಿ ತಿಳಿಯಲು ಸಾಧ್ಯವೇ?

ರಾಜರ ಕತ್ತಿಗೆ ಕೊರತೆಯಿಲ್ಲ. ನಮ್ಮ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಶಯನಗೃಹದಲ್ಲಿತ್ತೆಂಬ ಖಡ್ಗವನ್ನು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಜನರಲ್ ಬೇರ್ಡನಿಗೆ ಕೊಟ್ಟರು. ಅದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ, ಅಂದರೆ 140 ಕೋಟಿ ರೂಪಾಯಿಗೂ ಮಿಗಿಲಾಗಿ ಮಾರಾಟವಾಯಿತು. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅದೇ ದೇವನಹಳ್ಳಿಯ ಒಕ್ಕಲು ಮನೆಯ ಮಚ್ಚಿನ ಬಗ್ಗೆ ಬರೆಯಲು ನಮ್ಮ ಬಿಟ್ಟರೆ ಗತಿಯಿಲ್ಲ. ಕೊಡಗಿನವರನ್ನು ನೋಡಿ. ಒಡಿಕತ್ತಿ, ಪೀಚೆಕತ್ತಿ, ಬೆನ್ನಿಗೆ ಕಟ್ಟುವ ಹಿತ್ತಾಳೆಯ ತೊಡಂಗ್ ಎಲ್ಲವೂ ಇಂದಿಗೂ ಮನೆಯಲ್ಲಿವೆ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವೇರಿಸಿ ಪೂಜಿಸುತ್ತಾರೆ. ಕೊಡಗಿನ ಕತ್ತಿಯನ್ನು ಎಗರ್ಟನ್ ಎಂಬ ಇಂಗ್ಲಿಷಿನವನು 1880ರಷ್ಟು ಹಿಂದೆಯೇ ತನ್ನ ಭಾರತೀಯ ಆಯುಧಗಳ ಗ್ರಂಥದಲ್ಲಿ ಸೇರಿಸಿದ. ಹಬ್ಬವಿರುವುದರಿಂದ ಕತ್ತಿ ಉಳಿಯಿತು. ನಮಗೂ ಆಯುಧಪೂಜೆ ಇದೆ. ಆದರೆ ಈಗ ಕುಂಬಳಕಾಯಿ ಒಡೆಯುವುದು ಬೈಕಿಗೆ, ಟ್ರಾಕ್ಟರಿಗೆ.

ಅಡಿಕೆ ಬೆಳೆಗಾರರಾದ ನಮಗೆ ಅತ್ಯಂತ ಹತ್ತಿರದ್ದು ಅಡಕತ್ತರಿ. ಯೋಚಿಸಿ ನೋಡಿ, ಜಗತ್ತಿನಲ್ಲಿ ಒಂದು ಕಾಯಿಯನ್ನು ಕತ್ತರಿಸಲೆಂದೇ ಹುಟ್ಟಿದ ಆಯುಧಕ್ಕೆ ಇಷ್ಟು ರೂಪ ಕೊಟ್ಟವರು ಬೇರೆ ಯಾರಿದ್ದಾರೆ! ಕುದುರೆ, ಗಿಳಿ, ನವಿಲು, ಹಂಸ, ಕೈಮುಗಿದ ದಂಪತಿ, ಸುಣ್ಣದ ಡಬ್ಬಿಯನ್ನೇ ಹಿಡಿಯಲ್ಲಿ ಅಡಗಿಸಿದ್ದು. ಹಿತ್ತಾಳೆಯ ಮೈ, ಉಕ್ಕಿನ ಅಲಗು, ನಡುವೆ ಒಂದು ಕೀಲು. ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿ ಸಾಲಾಗಿ ಇಟ್ಟಿರುವ ಅಡಕತ್ತರಿಗಳನ್ನು ನೋಡಿಯೇ ಇರುತ್ತೀರಿ. ಅಮೇರಿಕದಲ್ಲಿ ನೆಲೆಸಿದ್ದ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಎಂಬ ಹೆಸರಾಂತ ಗಣಿತಜ್ಞರು ಏಷ್ಯಾದ ಅಡಕತ್ತರಿಗಳನ್ನು ಎಷ್ಟು ಕೂಡಿಟ್ಟಿದ್ದರೆಂದರೆ, ಅವರ ಸಂಗ್ರಹದ ಬಗ್ಗೆಯೇ ಒಂದು ದೊಡ್ಡ ಪುಸ್ತಕ 1992ರಲ್ಲಿ ಹೊರಬಂತು. ಲೆಕ್ಕದ ಮೇಷ್ಟರಿಗೆ ಅಡಿಕೆ ಜಗಿಯುವ ಅಭ್ಯಾಸವಿತ್ತೋ ಇಲ್ಲವೋ ತಿಳಿಯದು, ಅಡಕತ್ತರಿಯ ಬೆಲೆ ಮಾತ್ರ ಚೆನ್ನಾಗಿ ತಿಳಿದಿತ್ತು. ಅಡಿಕೆ ಬೆಳೆದು, ಸುಲಿದು, ಬೇಯಿಸಿ, ಮಾರುವ ನಮ್ಮ ಜಿಲ್ಲೆಯ ಒಂದು ಸಂಘದ ಕಚೇರಿಯಲ್ಲೂ ಒಂದು ಅಡಕತ್ತರಿ ಕಾಣಸಿಗದು.

ಸುಲಿಯುವ ಮೆಟ್ಟುಗತ್ತಿಯ ಗತಿಯೂ ಅಷ್ಟೆ. ಮಣೆಯ ಮೇಲೆ ನೆಟ್ಟಗೆ ನಿಂತ ಆ ಅಲಗಿಗೆ ಕಾಯಿ ಒತ್ತಿ, ಬೆರಳು ತಾಗದಂತೆ ಒಂದೇ ತಿರುವಿಗೆ ಸಿಪ್ಪೆ ಬಿಡಿಸುವ ಕೈಚಳಕ ಈಗ ಸುಲಿಯುವ ಯಂತ್ರದ ಪಾಲಾಗಿದೆ. ಕಾಯಿಯನ್ನು ಚೇಣಿಗೆ ಕೊಟ್ಟವರ ಮನೆಯಲ್ಲಂತೂ ಮೆಟ್ಟುಗತ್ತಿ ಇಳಿಯುವುದೇ ಇಲ್ಲ. ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಕೂಲಿಯಾಳು ಸಿಗದ ಕಾಲದಲ್ಲಿ ಹಾಗೆ ಹೇಳುವುದು ಅವಿವೇಕ. ಸಂಘದ ಡಿಪೋದಲ್ಲಿ ಯಂತ್ರ ಬಾಡಿಗೆಗೆ ಕೊಡಿಸಲು ಓಡಾಡಿದವರಲ್ಲಿ ನಾನೂ ಒಬ್ಬ. ಆದರೆ ಅಲಗಿನ ಓರೆ ಊರಿಂದೂರಿಗೆ ಏಕೆ ಬೇರೆ, ಹಸಿ ಕಾಯಿಗೊಂದು ಒಣ ಕಾಯಿಗೊಂದು ಬಾಯಿ ಏಕೆ ಎಂಬುದನ್ನು ಬಲ್ಲ ಹೆಂಗಸರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತು ಬರೆದಿಟ್ಟುಕೊಳ್ಳದೆ ಮೆಟ್ಟುಗತ್ತಿಯನ್ನಷ್ಟೇ ಉಳಿಸಿದರೆ ಅದು ಬರೀ ಕಬ್ಬಿಣ.

ಇಲ್ಲಿ ಎದುರು ವಾದ ನನಗೆ ಗೊತ್ತು. ಕಳೆದ ಆಡಳಿತ ಮಂಡಳಿ ಸಭೆಯಲ್ಲೇ ಒಬ್ಬ ಹಿರಿಯ ನಿರ್ದೇಶಕರು, ‘ಕತ್ತಿ ಇರುವುದು ಕೊಯ್ಯಲು, ಗಾಜಿನ ಬೀರುವಿನಲ್ಲಿಡಲು ಅಲ್ಲ’ ಎಂದರು. ಅರ್ಧ ಮಾತು ಒಪ್ಪುತ್ತೇನೆ. ಅಮೇರಿಕದ ಸಂಗ್ರಾಹಕರಲ್ಲಿ ಒಮ್ಮೆಯೂ ಹರಿತ ಮಾಡದ, ಪೆಟ್ಟಿಗೆಯಿಂದಲೇ ತೆಗೆಯದ ಚಾಕುವಿಗೆ ಹೆಚ್ಚು ಬೆಲೆ. ನನಗೆ ಅದು ರುಚಿಸುವುದಿಲ್ಲ. ಸವೆದ ಅಲಗೇ ನನಗೆ ಮೇಲು. ಇಪ್ಪತ್ತು ವರ್ಷ ಒಂದೇ ಕೈ ಹಿಡಿದು ಹಿಡಿ ಕುಳಿ ಬಿದ್ದ ಮಚ್ಚು ಆ ಮನುಷ್ಯ ಎಡಗೈಯವನೋ ಬಲಗೈಯವನೋ ಎಂದು ಹೇಳುತ್ತದೆ. ಆದ್ದರಿಂದ ಬಳಸುವ ಕತ್ತಿಯನ್ನು ಬಳಸಿ. ನಾನು ಹೇಳುತ್ತಿರುವುದು ಬಳಕೆ ಮುಗಿದವುಗಳ ಮಾತು. ಬೆಲೆ ಬರುತ್ತದೆಂಬ ಆಸೆಯಿಂದ ಕೂಡಿಡಿ ಎಂದೂ ಹೇಳುತ್ತಿಲ್ಲ. ಹಳೆಯದರಂತೆ ಕಾಣಲು ಹೊಸ ಹಿತ್ತಾಳೆಗೆ ಬಣ್ಣ ಕಟ್ಟುವ ಕಸುಬು ನಗರದಲ್ಲಿ ಚೆನ್ನಾಗಿಯೇ ನಡೆದಿದೆ. ಕೊಳ್ಳಲು ಹೋದವರು ಮೋಸ ಹೋಗುವುದೇ ಹೆಚ್ಚು. ಕೊಳ್ಳಬೇಡಿ, ಮನೆಯಲ್ಲಿರುವುದನ್ನು ಕಳೆಯಬೇಡಿ, ಅಷ್ಟೆ.

ಕಾನೂನಿನ ವಿಷಯವನ್ನೂ ಹೇಳಿಬಿಡಬೇಕು, ಏಕೆಂದರೆ ಆಮೇಲೆ ಕಾರ್ಯದರ್ಶಿ ಹೇಳಲಿಲ್ಲ ಎಂದಾಗಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳಲ್ಲಿ ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಿರುವ ಚೂರಿ ಕತ್ತಿಗಳು ಆಯುಧದ ಪಟ್ಟಿಗೆ ಬರುತ್ತವೆ. ಮನೆಗೆಲಸಕ್ಕೆ, ಬೇಸಾಯಕ್ಕೆ ಮಾಡಿದವನ್ನು ಅದರಿಂದ ಬಿಟ್ಟಿದ್ದಾರೆ. ನಮ್ಮ ಮಚ್ಚು, ಕುಡುಗೋಲು, ಮೆಟ್ಟುಗತ್ತಿಗೆ ತೊಂದರೆಯಿಲ್ಲ. ಹಾಗೆಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆಗೆ ಹೋದರೆ ಪೊಲೀಸರು ಕಾಯ್ದೆಯ ಅಪವಾದವನ್ನು ಓದುತ್ತಾ ಕೂರುವುದಿಲ್ಲ. ಅಟ್ಟದಲ್ಲಿ ಖಡ್ಗವೋ ಭರ್ಜಿಯೋ ಸಿಕ್ಕಿದರೆ ಮೊದಲು ವಿಚಾರಿಸಿ. ದಂತದ ಹಿಡಿ, ಕಡವೆ ಕೊಂಬಿನ ಹಿಡಿ ಇದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ, ಸ್ವಾಮ್ಯಪತ್ರವಿಲ್ಲದೆ ಇಟ್ಟುಕೊಳ್ಳುವಂತಿಲ್ಲ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕದ ಗಲಾಟೆಯಲ್ಲಿ ದೊಡ್ಡದೊಡ್ಡವರ ಮನೆಗೆ ಅರಣ್ಯಾಧಿಕಾರಿಗಳು ಹೋದದ್ದು ಎಲ್ಲರಿಗೂ ನೆನಪಿದೆ. ಇನ್ನು ನೂರು ವರ್ಷ ದಾಟಿದ ಇಂಥ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತುಗಳು. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಕಾರಿನಲ್ಲಿ ಬರುವ ಮಹಾಶಯರನ್ನು ‘ಇದು ಎಲ್ಲಿಗೆ ಹೋಗುತ್ತೆ ಸ್ವಾಮಿ’ ಎಂದು ಒಮ್ಮೆ ಕೇಳಿ ನೋಡಿ.

ಇಡುವ ಕ್ರಮ ಕಷ್ಟವೇನಲ್ಲ. ಹಳೆಯ ಅಲಗನ್ನು ಯಂತ್ರದ ಸಾಣೆಗೆ ಕೊಟ್ಟು ಬೆಳ್ಳಗೆ ಹೊಳೆಯಿಸಬೇಡಿ. ಗುರುತು ಮುದ್ರೆ ಇದ್ದರೆ ಅದೇ ಮೊದಲು ಹೋಗುತ್ತದೆ. ಹುಣಸೆಹಣ್ಣು ತಿಕ್ಕುವುದೂ ಬೇಡ, ಅದು ಪೂಜಾ ಪಾತ್ರೆಗೆ ಸರಿ. ಕೆಂಪು ತುಕ್ಕನ್ನು ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ನಿಧಾನವಾಗಿ ಒರೆಸಿ, ಕಪ್ಪು ಪೊರೆಯನ್ನು ಹಾಗೇ ಬಿಡಿ; ಅದು ಕಬ್ಬಿಣವನ್ನು ಕಾಯುವ ಚರ್ಮ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ, ಒಣ ಜಾಗದಲ್ಲಿಡಿ. ಚರ್ಮದ ಒರೆಯೊಳಗೆ ಮಾತ್ರ ಇಡಬೇಡಿ, ತೇವ ಹೀರಿ ತುಕ್ಕು ತರಿಸುತ್ತದೆ.

ಮಹಾಸಭೆಯ ಮುಂದೆ ನಾನು ಎರಡು ಠರಾವು ಇಡಲಿದ್ದೇನೆ. ಒಂದು: ಸಂಘದ ಕಚೇರಿಯ ಹಿಂದಿನ ಕೋಣೆಯಲ್ಲಿ, ಈಗ ಖಾಲಿ ಗೋಣಿಚೀಲ ತುಂಬಿರುವ ಕಡೆ, ಒಂದು ಬೀರು ಮತ್ತು ಒಂದು ದಾಖಲೆ ಪುಸ್ತಕ. ವಸ್ತು ಸದಸ್ಯರದೇ, ಬೇಕೆಂದಾಗ ವಾಪಸು. ಕೊಡಲು ಮನಸ್ಸಿಲ್ಲದವರು ಬರೆಸಿದರೆ ಸಾಕು: ಯಾರ ಮನೆಯದು, ಯಾರು ಮಾಡಿದ್ದು, ಯಾವ ಕೆಲಸದ್ದು, ಉದ್ದ ಎಷ್ಟು. ಇದಕ್ಕೆ ಖರ್ಚು ಒಂದು ಬೀರುವಿನದು, ಅದನ್ನು ಗೊಬ್ಬರದ ಲಾಭಾಂಶದಿಂದ ಮುರಿಯುವ ಪ್ರಶ್ನೆಯಿಲ್ಲ, ನಿರ್ದೇಶಕರ ಸಭಾಭತ್ಯೆಯಿಂದ ಕೊಡೋಣ.

ಎರಡನೆಯದು ನನಗೆ ಹೆಚ್ಚು ಮುಖ್ಯ. ಡಿಪೋದಲ್ಲಿ ನಾವು ಮಾರುವ ಮಚ್ಚು, ಕತ್ತಿಗಳು ಈಗ ಎಲ್ಲಿಂದಲೋ ಲಾರಿಯಲ್ಲಿ ಬರುತ್ತಿವೆ, ಮಾಡಿದವನ ಗುರುತಿಲ್ಲ, ಎರಡು ಸುಗ್ಗಿಗೆ ಬಾಯಿ ಮಡಚುತ್ತದೆ. ಅವುಗಳಲ್ಲಿ ಕೆಲವನ್ನಾದರೂ ನಮ್ಮ ಉಳಿದಿರುವ ಕಮ್ಮಾರರಿಂದಲೇ ಮಾಡಿಸಿ, ಮುಂಗಡ ಕೊಟ್ಟು, ಹೆಚ್ಚು ಬೆಲೆಯಾದರೂ ಸಂಘ ಕೊಳ್ಳಬೇಕು. ಒಂದೇ ಷರತ್ತು: ಅಲಗಿನ ಬುಡದಲ್ಲಿ ಮಾಡಿದವರ ಹೆಸರಿನ ಮೊದಲಕ್ಷರ, ಊರಿನ ಮೊದಲಕ್ಷರ, ವರ್ಷ ಒತ್ತಬೇಕು. ಒಂದು ಸಣ್ಣ ಉಳಿಯಿಂದ ಆಗುವ ಕೆಲಸ. ಚುಕ್ಕೆ ಬೇಕಾದರೆ ಚುಕ್ಕೆ. ಕತ್ತಿ ಕೆಟ್ಟರೆ ಯಾರ ಬಳಿ ಹೋಗಿ ಕೇಳಬೇಕೆಂದು ಗೊತ್ತಾಗುತ್ತದೆ, ಚೆನ್ನಾಗಿದ್ದರೆ ಯಾರಿಗೆ ಮತ್ತೆ ಹೇಳಬೇಕೆಂದೂ ಗೊತ್ತಾಗುತ್ತದೆ. ಈ ಬಗ್ಗೆ ಇಬ್ಬರು ಕಮ್ಮಾರರ ಬಳಿ ಮಾತಾಡಿದ್ದೇನೆ. ಒಬ್ಬರು ಕೂಡಲೇ ಒಪ್ಪಿದರು. ಇನ್ನೊಬ್ಬರು, ‘ನನ್ನ ಹೆಸರು ಯಾರು ನೋಡ್ತಾರೆ ಸ್ವಾಮಿ’ ಎಂದು ಕೇಳಿ, ಸ್ವಲ್ಪ ಹೊತ್ತಿನ ಬಳಿಕ ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ವಿಚಾರಿಸಿದರು.

ಆಯುಧಪೂಜೆಯ ಹಿಂದಿನ ಶನಿವಾರ ಬೆಳಿಗ್ಗೆ ಹತ್ತರಿಂದ ನಾನು ದಾಖಲೆ ಪುಸ್ತಕ ಹಿಡಿದು ಡಿಪೋದಲ್ಲಿ ಕೂತಿರುತ್ತೇನೆ. ಅಡಕತ್ತರಿ, ಮೆಟ್ಟುಗತ್ತಿ, ಹಳೆಯ ಮಚ್ಚು, ಮಡಿಚಾಕು ಏನಿದ್ದರೂ ತನ್ನಿ. ಮನೆಯ ಹಿರಿಯರನ್ನೂ ಕರೆತನ್ನಿ, ಬರೆಸಬೇಕಾದವರು ಅವರೇ. ಅಲಗಿನ ಬಾಯಿಗೆ ಗೋಣಿ ಸುತ್ತಿ ತರುವುದು ಕಡ್ಡಾಯ. ಡಿಪೋದ ಬೆಂಚು ಹೊಸದಾಗಿ ಪಾಲಿಷ್ ಆಗಿದೆ.